ಎರಡು ಚೀಲ ತಗೊಂಡು ಹೋಗಿ

"ಮಗು ತರಕಾರಿ ಮುಟ್ಟೋದೇ ಇಲ್ಲ ತಾತ, ತಟ್ಟೆ ಅಂಚಿಗೆ ತಳ್ಳಿಬಿಡುತ್ತೆ" ಎಂದು ನಮ್ಮ ಬಂಧುಬಳಗದ ಹೊಸ ತಾಯಿ ತಂದೆಯರು ನನ್ನ ಹತ್ತಿರ ದೂರು ಹೇಳುತ್ತಾರೆ. ಕೆಲವರು ಅಡುಗೆಯವಳನ್ನು ಬೈಯುತ್ತಾರೆ, ಕೆಲವರು ಟಿವಿಯನ್ನು, ಕೆಲವರು ಅತ್ತೆಯ ಮುದ್ದನ್ನು. ನಾನು ಎಲ್ಲರಿಗೂ ಕೇಳುವುದು ಒಂದೇ ಪ್ರಶ್ನೆ: ನಿಮ್ಮ ಮನೆಗೆ ತರಕಾರಿ ತರುವವರು ಯಾರು, ಎಲ್ಲಿಂದ ತರುತ್ತಾರೆ?

ಈ ಪ್ರಶ್ನೆ ನನಗೆ ಹೊಳೆದದ್ದಲ್ಲ. ನನ್ನ ಮಗಳ ಹೋಂವರ್ಕ್ ಕಲಿಸಿದ್ದು.

ಅವಳು ಆಗ ನಾಲ್ಕನೇ ತರಗತಿ. ಇಪ್ಪತ್ತು ತರಕಾರಿಗಳ ಹೆಸರು ಬರೆದುಕೊಂಡು ಬನ್ನಿ ಎಂದಿದ್ದರು ಮೇಷ್ಟ್ರು. ಜಾಣೆ ಹುಡುಗಿ, ಅಡುಗೆಮನೆಯ ಬುಟ್ಟಿಯ ಮುಂದೆ ಕೂತು ನೋಡಿ ನೋಡಿ ಬರೆದಳು: ಈರುಳ್ಳಿ, ಟೊಮೆಟೊ, ಆಲೂಗಡ್ಡೆ, ಹುರುಳಿಕಾಯಿ, ಕ್ಯಾರೆಟ್, ಕೋಸು, ನುಗ್ಗೆಕಾಯಿ. ಏಳಕ್ಕೆ ಪೆನ್ಸಿಲ್ ನಿಂತಿತು. ಮೂಲೆಯಲ್ಲಿ ಅಕ್ಕಿ ಆರಿಸುತ್ತಿದ್ದ ನನ್ನ ತಾಯಿ ಮೊರದಿಂದ ತಲೆಯೆತ್ತದೆ ಶುರು ಮಾಡಿದರು: ದಂಟು, ಕೀರೆ, ಹೊನಗೊನ್ನೆ, ಚಕ್ಕೋತ, ಸಬ್ಬಸಿಗೆ, ಮೆಂತ್ಯ, ಗಣಿಕೆ, ಅಣ್ಣೆ, ಬಸಳೆ, ನುಗ್ಗೆಸೊಪ್ಪು. ಇನ್ನೂ ಸೊಪ್ಪೇ ಮುಗಿದಿರಲಿಲ್ಲ. "ಸಾಕಜ್ಜಿ, ಇಪ್ಪತ್ತೇ ಕೇಳಿರೋದು" ಎಂದಳು ಮಗಳು. ಎಲ್ಲರೂ ನಕ್ಕೆವು. ರಾತ್ರಿ ಮಲಗಿದಾಗ ಮಾತ್ರ ನನಗೆ ನಗು ಬರಲಿಲ್ಲ. ಆ ಬುಟ್ಟಿ ತುಂಬಿಸುತ್ತಿದ್ದವನು ನಾನೇ. ಆಫೀಸಿನಿಂದ ಬರುವಾಗ ಬಸ್ ಸ್ಟಾಪಿನ ಪಕ್ಕದ ಅಂಗಡಿಯಲ್ಲಿ ಕಣ್ಣಿಗೆ ಬಿದ್ದದ್ದನ್ನು ಹಿಡಿದುಕೊಂಡು ಬರುತ್ತಿದ್ದೆ. ಏಳಕ್ಕೆ ನಿಂತದ್ದು ಮಗುವಿನ ಪೆನ್ಸಿಲ್ ಅಲ್ಲ, ನನ್ನ ಚೀಲ.

ಅದಕ್ಕೇ ಹೇಳುತ್ತೇನೆ, ಮಕ್ಕಳು ತರಕಾರಿ ತಿನ್ನುತ್ತಾರೋ ಇಲ್ಲವೋ ಎನ್ನುವುದು ಊಟದ ಹೊತ್ತಿನಲ್ಲಿ ತೀರ್ಮಾನವಾಗುವುದಿಲ್ಲ. ಸಂತೆಯಲ್ಲಿ ತೀರ್ಮಾನವಾಗುತ್ತದೆ. ತಟ್ಟೆ ಮುಂದೆ ಕೂತು ಗದರಿ ಗೆಲ್ಲಲಾಗದ ಜಗಳವನ್ನು ಭಾನುವಾರ ಬೆಳಿಗ್ಗೆ ಏಳಕ್ಕೆ ಚೀಲ ಹಿಡಿದು ಹೊರಟರೆ ಗೆಲ್ಲಬಹುದು.

ಮೊದಲು ಒಂದು ದಿನ ಗೊತ್ತು ಮಾಡಿಕೊಳ್ಳಿ. ನಮ್ಮ ಹಿರಿಯರಿಗೆ ವಾರವೆಂದರೆ ಸಂತೆಯೇ. ಕೊಡಗಿನ ನಕ್ಷೆ ತೆಗೆದು ನೋಡಿ, ಶನಿವಾರಸಂತೆ ಎಂಬ ಊರಿದೆ, ಸೋಮವಾರಪೇಟೆ ಎಂಬ ಊರಿದೆ. ಚಾಮರಾಜನಗರದ ಕಡೆ ಸಂತೇಮರಹಳ್ಳಿ, ದಾವಣಗೆರೆ ಕಡೆ ಸಂತೇಬೆನ್ನೂರು. ಊರಿಗೆ ಹೆಸರು ಕೊಡುವಷ್ಟು ದೊಡ್ಡದಾಗಿತ್ತು ಸಂತೆ. ನಮ್ಮೂರಿನಲ್ಲಿ ಸಾಲ ವಾಪಸು ಕೊಡುವುದೂ ಸಂತೆ ದಿನ, ಹೆಣ್ಣು ಗಂಡಿನ ಮಾತು ಎತ್ತುವುದೂ ಸಂತೆ ದಿನ. ಪಟ್ಟಣದಲ್ಲೂ ಅದು ಸತ್ತಿಲ್ಲ. ಮೈಸೂರಿನಲ್ಲಿ ಎಂ.ಜಿ. ರಸ್ತೆಯ ಮಾರುಕಟ್ಟೆಗೆ ಬೆಳಗ್ಗೆ ಹೋಗಿ, ಸುತ್ತಲ ಹಳ್ಳಿಗಳಿಂದ ಸೊಪ್ಪಿನ ಗಂಟು ಹೊತ್ತು ಬಂದವರು ಸಾಲಾಗಿ ಕೂತಿರುತ್ತಾರೆ. ಬೆಂಗಳೂರಿನ ಬಡಾವಣೆಗಳಲ್ಲೂ ವಾರಕ್ಕೊಮ್ಮೆ ರಸ್ತೆಬದಿಯ ಸಂತೆ ಸೇರುತ್ತದೆ. ನಿಮ್ಮ ಮನೆಗೆ ಹತ್ತಿರದ್ದು ಯಾವುದು, ಯಾವ ದಿನ ಎಂದು ಕೇಳಿ ತಿಳಿದುಕೊಳ್ಳಿ. ಮನೆಗೆಲಸಕ್ಕೆ ಬರುವ ಅಮ್ಮನಿಗೆ ಖಂಡಿತ ಗೊತ್ತಿರುತ್ತದೆ.

"ಹತ್ತು ನಿಮಿಷದಲ್ಲಿ ಮನೆಬಾಗಿಲಿಗೆ ಬರುತ್ತಲ್ಲ" ಎನ್ನುತ್ತೀರಿ. ಬರಲಿ, ಬೇಡವೆನ್ನುವುದಿಲ್ಲ. ಕೊತ್ತಂಬರಿ ಸೊಪ್ಪು ಮರೆತ ದಿನ ನಾನೂ ಮೊಮ್ಮಗನ ಕೈಯಲ್ಲಿ ತರಿಸಿದ್ದೇನೆ. ಆದರೆ ಫೋನಿನಲ್ಲಿ ಹುಡುಕಬೇಕಾದರೆ ಹೆಸರು ಗೊತ್ತಿರಬೇಕಲ್ಲ? ಹೊನಗೊನ್ನೆ ಎಂಬುದೊಂದಿದೆ ಎಂದೇ ಗೊತ್ತಿಲ್ಲದವನು ಏನೆಂದು ಟೈಪ್ ಮಾಡುತ್ತಾನೆ? ಕಳೆದ ವಾರ ತಂದದ್ದನ್ನೇ ಮತ್ತೆ ತರಿಸುತ್ತಾನೆ. ನನ್ನ ಏಳರ ಬುಟ್ಟಿಯೇ ಮತ್ತೆ. ಸಂತೆಯಲ್ಲಿ ಹಾಗಾಗುವುದಿಲ್ಲ. ನೀವು ಹುಡುಕದ್ದೂ ಕಣ್ಣಿಗೆ ಬೀಳುತ್ತದೆ, ಕಾಲಿಗೆ ತೊಡರುತ್ತದೆ.

ಎರಡನೆಯದು, ಲೆಕ್ಕ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ ದಿನಕ್ಕೆ 2,000 ಕಿಲೋಕ್ಯಾಲೊರಿ ಊಟ ಮಾಡುವವರಿಗೆ ಸೊಪ್ಪು ತರಕಾರಿ ಸೇರಿ 400 ಗ್ರಾಂ, ಹಣ್ಣು 100 ಗ್ರಾಂ ಇರಲಿ ಎಂದಿದೆ. ವಿಶ್ವ ಆರೋಗ್ಯ ಸಂಸ್ಥೆಯಂತೂ ತನ್ನ ಲೆಕ್ಕದಲ್ಲಿ ಆಲೂಗಡ್ಡೆಯನ್ನು ತರಕಾರಿಯೆಂದು ಹಿಡಿಯುವುದೇ ಇಲ್ಲ. ಈಗ ನಿಮ್ಮ ಮನೆಗೆ ಬನ್ನಿ. ಗಂಡ ಹೆಂಡತಿ, ಇಬ್ಬರು ಸಣ್ಣ ಮಕ್ಕಳು. ಮಕ್ಕಳಿಗೆ ಅರ್ಧವೇ ಎಂದಿಟ್ಟುಕೊಂಡರೂ ದಿನಕ್ಕೆ 1,200 ಗ್ರಾಂ, ವಾರಕ್ಕೆ 8 ಕಿಲೋ 400 ಗ್ರಾಂ. ಒಂದು ವಾರ ತಂದದ್ದನ್ನೆಲ್ಲ ಚೀಟಿಯಲ್ಲಿ ಬರೆದು ನೋಡಿ. ನಾನು ಬರೆದಿದ್ದೆ. ಆಲೂಗಡ್ಡೆ ಬಿಟ್ಟರೆ ನಮ್ಮ ಮನೆಯದು ನಾಲ್ಕು ಕಿಲೋ ದಾಟಲಿಲ್ಲ. ತಂದದ್ದೇ ಅರ್ಧವಾದಾಗ "ತಿನ್ನು ತಿನ್ನು" ಎಂದು ಮಗುವನ್ನು ಗದರಿ ಏನು ಪ್ರಯೋಜನ? ಅದಕ್ಕೇ ಹೇಳುವುದು, ಎರಡು ಚೀಲ ತಗೊಂಡು ಹೋಗಿ. ಗಟ್ಟಿ ಕಾಯಿ ಒಂದರಲ್ಲಿ, ಸೊಪ್ಪು ಇನ್ನೊಂದರಲ್ಲಿ. ಒಂದೇ ಚೀಲಕ್ಕೆ ತುರುಕಿದರೆ ಕುಂಬಳಕಾಯಿಯ ಕೆಳಗೆ ಮೆಂತ್ಯ ಸೊಪ್ಪು ಮನೆ ಸೇರುವ ಹೊತ್ತಿಗೆ ಚಟ್ನಿಯಾಗಿರುತ್ತದೆ.

ಮೂರನೆಯದು, ಯಾರ ಹತ್ತಿರ ಕೊಳ್ಳಬೇಕು. ಸಂತೆಯಲ್ಲಿ ಕೂತವರೆಲ್ಲ ಬೆಳೆದವರಲ್ಲ. ಒಂದೇ ಅಳತೆಯ ಕ್ಯಾರೆಟ್, ಕೋಸು, ದೊಣ್ಣೆಮೆಣಸಿನಕಾಯಿ ಎಂದು ಹದಿನೈದು ಬಗೆ ಪೇರಿಸಿಟ್ಟವರು ಮಂಡಿಯಿಂದ ತಂದವರು. ಅದು ಅವರ ದುಡಿಮೆ, ತಪ್ಪೇನಿಲ್ಲ. ಬೆಳೆದವರ ಮುಂದೆ ಎರಡೋ ಮೂರೋ ಬಗೆ ಇರುತ್ತದೆ, ಕಾಯಿ ಒಂದು ಗಿಡ್ಡ ಒಂದು ಉದ್ದ, ಮೂಲಂಗಿಯ ಮೈಗೆ ಮಣ್ಣು. ಅಂಥವರ ಮುಂದೆ ಕುಕ್ಕರಗಾಲಲ್ಲಿ ಕೂತು ಮೂರು ಪ್ರಶ್ನೆ ಕೇಳಿ. ಯಾವೂರಮ್ಮ? ಯಾವಾಗ ಕಿತ್ತಿದ್ದು? ಇದನ್ನು ಹೇಗೆ ಮಾಡೋದು? ಮೊದಲ ಎರಡಕ್ಕೆ ಒಂದೊಂದು ಮಾತಿನ ಉತ್ತರ ಬರುತ್ತದೆ. ಮೂರನೆಯದಕ್ಕೆ ಪಾಠವೇ ಸಿಗುತ್ತದೆ. ಅಣ್ಣೆ ಸೊಪ್ಪನ್ನು ಒಂದೇ ಬೇಯಿಸಬೇಡಿ, ಬೆರಕೆ ಮಾಡಿ ಎಂದು ನನಗೆ ಹೇಳಿಕೊಟ್ಟದ್ದು ಅಡುಗೆ ಪುಸ್ತಕವಲ್ಲ, ಗೋಣಿತಾಟಿನ ಮೇಲೆ ಕೂತಿದ್ದ ಒಬ್ಬ ಅಜ್ಜಿ.

ಬೆಳೆದವರ ಕೈಯಿಂದಲೇ ಕೊಂಡರೆ ಅವರಿಗೇನು ಲಾಭ ಎಂದು ಕೇಳಬಹುದು. ಭಾರತೀಯ ರಿಸರ್ವ್ ಬ್ಯಾಂಕ್ 2024ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದ ಪ್ರಕಾರ ಗ್ರಾಹಕ ಟೊಮೆಟೊಗೆ ಕೊಡುವ ಒಂದು ರೂಪಾಯಿಯಲ್ಲಿ ರೈತನಿಗೆ ಸೇರುವುದು ಸುಮಾರು 33 ಪೈಸೆ, ಈರುಳ್ಳಿಯಲ್ಲಿ 36, ಆಲೂಗಡ್ಡೆಯಲ್ಲಿ 37. ಉಳಿದದ್ದು ಸಾಗಣೆ, ಕಮಿಷನ್, ಕೊಳೆತು ಹೋದದ್ದು, ಅಂಗಡಿ ಬಾಡಿಗೆ ಎಂದು ದಾರಿಯಲ್ಲೇ ಕರಗುತ್ತದೆ. 2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕಿಲೋ ಟೊಮೆಟೊ ಬಾಕ್ಸು ಎರಡು ಸಾವಿರ ರೂಪಾಯಿ ದಾಟಿದಾಗ ಎಲ್ಲರೂ ಬೊಬ್ಬೆ ಹೊಡೆದೆವು. ಅದೇ ಟೊಮೆಟೊ ಕಿತ್ತ ಕೂಲಿಯೂ ಹುಟ್ಟದೆ ರಸ್ತೆಬದಿ ಸುರಿದ ವರ್ಷಗಳಲ್ಲಿ ನಮ್ಮ ಸದ್ದಿರಲಿಲ್ಲ.

ಈ ನೋವಿಗೆ ಮದ್ದು ಹುಡುಕಿದವರು ನಮ್ಮಲ್ಲಿ ಇಲ್ಲದೆ ಇರಲಿಲ್ಲ. 1959ರಲ್ಲಿ, ತೋಟಗಾರಿಕೆ ಇಲಾಖೆಯ ಎಂ.ಎಚ್. ಮರಿಗೌಡರ ಮುತುವರ್ಜಿಯಲ್ಲಿ, ಬೆಂಗಳೂರು ಸುತ್ತಲಿನ ದ್ರಾಕ್ಷಿ ಬೆಳೆಗಾರರು ಸೇರಿ ಒಂದು ಸಹಕಾರ ಸಂಘ ಕಟ್ಟಿದರು. ಅದೇ ಬೆಳೆದು ಹಾಪ್‌ಕಾಮ್ಸ್ ಆಯಿತು. ನಮ್ಮ ಕಾಲದ ಬೆಂಗಳೂರಿನಲ್ಲಿ ಬೆಲೆ ಬರೆದ ಕರಿಹಲಗೆ ನೇತುಹಾಕಿದ ಹಾಪ್‌ಕಾಮ್ಸ್ ಮಳಿಗೆಗೆ ಹೋದರೆ ಚೌಕಾಸಿಯ ಮಾತೇ ಇರಲಿಲ್ಲ. ನೆರೆಯ ತಮಿಳುನಾಡಿನಲ್ಲಿ ಉಳವರ್ ಸಂದೈ, ಆಂಧ್ರದಲ್ಲಿ ರೈತು ಬಜಾರ್ ಎರಡೂ 1999ರಲ್ಲಿ ಶುರುವಾದದ್ದೂ ಇದೇ ಯೋಚನೆಯಿಂದ. ಬೆಳೆದವನೂ ತಿನ್ನುವವನೂ ಮುಖ ನೋಡಿಕೊಳ್ಳಲಿ, ನಡುವಿನ ದಾರಿ ಗಿಡ್ಡವಾಗಲಿ ಎಂದು.

ಚೌಕಾಸಿಯ ಮಾತು ಬಂತಲ್ಲ, ನನ್ನದೊಂದು ತಪ್ಪು ಹೇಳಿಬಿಡುತ್ತೇನೆ. ನಿವೃತ್ತನಾದ ಹೊಸತರಲ್ಲಿ ಮಾರುಕಟ್ಟೆಗೆ ಹೋಗಿ ಚೌಕಾಸಿ ಮಾಡುವುದೇ ಜಾಣತನ ಎಂದುಕೊಂಡಿದ್ದೆ. ಒಂದು ಬೆಳಿಗ್ಗೆ ದಂಟಿನ ಸೊಪ್ಪಿನ ಕಟ್ಟಿಗೆ ಎರಡು ರೂಪಾಯಿ ಕಮ್ಮಿ ಕೇಳಿದೆ. ಆಕೆ ತಕರಾರಿಲ್ಲದೆ ಕೊಟ್ಟಳು. ಚೀಲಕ್ಕೆ ಹಾಕುವಾಗ ಅವಳ ಕೈ ಕಂಡಿತು. ಸೊಪ್ಪಿನ ರಸ ಹಿಡಿದು ಹೆಬ್ಬೆರಳು, ತೋರುಬೆರಳು ಕಪ್ಪಾಗಿದ್ದವು, ಉಗುರಿನ ಸಂದಿಯಲ್ಲಿ ಹಸಿಮಣ್ಣು. "ಎಷ್ಟೊತ್ತಿಗೆ ಬಂದೆ?" ಎಂದೆ. "ಮೊದಲನೇ ಬಸ್ಸಿಗೆ ಸ್ವಾಮಿ. ಸಂಜೆ ಕಿತ್ತು, ರಾತ್ರಿ ಕಟ್ಟು ಕಟ್ಟಿ, ನೀರು ಚಿಮುಕಿಸಿ ಇಟ್ಟಿದ್ದೆ. ಬಿಸಿಲೇರಿದ ಮೇಲೆ ಯಾರೂ ಕೇಳಲ್ಲ, ಅದಕ್ಕೇ ಕೊಟ್ಟೆ" ಎಂದಳು. ನಾನು ಅಲ್ಲಿಂದ ಎದ್ದು ಎದುರಿನ ಹೋಟೆಲಿನಲ್ಲಿ ಇಪ್ಪತ್ತು ರೂಪಾಯಿಯ ಕಾಫಿ ಕುಡಿದೆ. ಅಲ್ಲಿ ಎರಡು ರೂಪಾಯಿ ಕಮ್ಮಿ ಕೇಳುವ ಧೈರ್ಯ ನನಗಿರಲಿಲ್ಲ. ಸೊಪ್ಪು ಮಾರುವವರ ಹತ್ತಿರ ಚೌಕಾಸಿ ಮಾಡಬೇಡಿ. ಇಷ್ಟು ಹೇಳಲು ನನಗೆ ಅರುವತ್ತು ವರ್ಷ ಬೇಕಾಯಿತು, ನಿಮಗೆ ಬೇಗ ತಿಳಿಯಲಿ.

ಇನ್ನು ಮಕ್ಕಳ ವಿಷಯ. ಸಂತೆಗೆ ಮಗುವನ್ನು ಕರೆದುಕೊಂಡು ಹೋಗಿ, ಕೈಗೆ ಇಪ್ಪತ್ತು ರೂಪಾಯಿ ಕೊಟ್ಟು ಬಿಡಿ. ತನಗೆ ಬೇಕಾದ ಒಂದು ತರಕಾರಿಯನ್ನು ತಾನೇ ಆರಿಸಿ, ತಾನೇ ದುಡ್ಡು ಕೊಟ್ಟು, ತಾನೇ ಚಿಲ್ಲರೆ ಎಣಿಸಿಕೊಳ್ಳಲಿ. ನೀವು ಬಾಯಿ ಹಾಕಬೇಡಿ. ನನ್ನ ಮೊಮ್ಮಗ ಮೊದಲ ವಾರ ಗುಂಡು ಬದನೆಕಾಯಿ ಆರಿಸಿದ, ಮಿಂಚುತ್ತದೆ ಎಂಬ ಒಂದೇ ಕಾರಣಕ್ಕೆ. ಮನೆಯಲ್ಲಿ ಎಣ್ಣೆಗಾಯಿ ಮಾಡಿದರೆ ತಿಂದನೇ? ಇಲ್ಲ. ಎರಡನೇ ಸಲವೂ ಇಲ್ಲ. ಮಸಾಲೆಯನ್ನು ಮಾತ್ರ ಚಪಾತಿಗೆ ಸವರಿಕೊಂಡ. ಆಹಾರ ತಜ್ಞರು ಹೇಳುವುದೂ ಅದನ್ನೇ, ಹೊಸ ರುಚಿಗೆ ಮಗುವಿನ ನಾಲಿಗೆ ಒಗ್ಗಲು ಹತ್ತು ಸಲವೋ ಹದಿನೈದು ಸಲವೋ ಬೇಕಾಗಬಹುದು. ನಾವು ಎರಡನೇ ಸಲಕ್ಕೇ "ಇವನಿಗೆ ಸೇರಲ್ಲ" ಎಂದು ಷರಾ ಬರೆದು ಕೈಬಿಡುತ್ತೇವೆ. ಮಗುವಿನ ಮುಂದೆಯೇ ಹಾಗೆಂದರೆ ಅದು ಆ ಮಾತನ್ನೇ ಹಿಡಿದುಕೊಳ್ಳುತ್ತದೆ. ಬಡಿಸಿ, ಬಲವಂತ ಮಾಡಬೇಡಿ, ಮುಂದಿನ ವಾರ ಮತ್ತೆ ಬಡಿಸಿ. ಮನೆಗೆ ಬಂದ ನೆಂಟರ ಮುಂದೆ "ಇದು ನಾನು ತಂದಿದ್ದು" ಎಂದು ಹೇಳಿಕೊಂಡ ದಿನ ನಮ್ಮ ಹುಡುಗ ಒಂದು ಹೋಳು ತಿಂದ. ಅದು ಐದನೆಯದೋ ಆರನೆಯದೋ ವಾರ.

ಕೈಗೆ ಕೆಲಸ ಕೊಡುವುದಕ್ಕಂತೂ ಅವರೆಕಾಯಿ ಕಾಲಕ್ಕೆ ಸಮನಿಲ್ಲ. ಡಿಸೆಂಬರ್, ಜನವರಿಯ ಚಳಿಯಲ್ಲಿ ಸೊಗಡಿನ ಅವರೆಕಾಯಿ ಬಂದಾಗ ಎರಡು ಕಿಲೋ ತಂದು ಕಾಳು ಬಿಡಿಸಿ ರಾತ್ರಿ ನೀರಿಗೆ ಹಾಕಿಡಿ. ಬೆಳಿಗ್ಗೆ ಎಲ್ಲರೂ ಸುತ್ತ ಕೂತು ಹಿತುಕಬೇಕು. ಹೆಬ್ಬೆರಳು, ತೋರುಬೆರಳ ನಡುವೆ ಒತ್ತಿದರೆ ಸಿಪ್ಪೆ ಕೈಯಲ್ಲಿ, ಬೇಳೆ ಚಂಗನೆ ಹಾರಿ ಅಜ್ಜನ ಕನ್ನಡಕಕ್ಕೆ. ಮಕ್ಕಳಿಗೆ ಇದಕ್ಕಿಂತ ಆಟ ಬೇಕೆ? ಬೆರಳಿಗಂಟಿದ ಸೊಗಡು ಸಂಜೆವರೆಗೂ ಹೋಗುವುದಿಲ್ಲ. ತಾನು ಹಿತುಕಿದ ಬೇಳೆಯ ಸಾರನ್ನು ಬೇಡವೆನ್ನುವ ಮಗುವನ್ನು ನಾನಂತೂ ನೋಡಿಲ್ಲ.

ತಂದದ್ದನ್ನು ಬಾಳಿಸುವುದೂ ಗೊತ್ತಿರಬೇಕು. ಇಲ್ಲದಿದ್ದರೆ ಎರಡು ಚೀಲದಲ್ಲಿ ಒಂದು ಕಸದ ಬುಟ್ಟಿಗೇ ಹೋಗುತ್ತದೆ. ಸೊಪ್ಪು ಕಿತ್ತ ಮೇಲೂ ಉಸಿರಾಡುತ್ತದೆ, ನೀರು ಕಳೆದುಕೊಳ್ಳುತ್ತದೆ, ಅದರ ಸಿ ಜೀವಸತ್ವ ದಿನದಿಂದ ದಿನಕ್ಕೆ ಇಳಿಯುತ್ತದೆ. ಆದ್ದರಿಂದ ಮೊದಲ ಎರಡು ದಿನ ಸೊಪ್ಪು. ಆಮೇಲೆ ಬೆಂಡೆ, ಹೀರೆ, ಬದನೆಯಂಥ ಮೆತ್ತನೆಯ ಕಾಯಿ. ವಾರದ ಕೊನೆಗೆ ಕುಂಬಳ, ಗೆಡ್ಡೆ, ಕೋಸು. ಕರಾವಳಿಯವರು ಬಣ್ಣದ ಸೌತೆಕಾಯಿಯನ್ನು ಬಾಳೆನಾರಿನಲ್ಲಿ ಕಟ್ಟಿ ಮಾಡಿಗೆ ನೇತುಹಾಕಿ ಇಡೀ ಮಳೆಗಾಲ ದಾಟಿಸುತ್ತಿದ್ದರು. ಫ್ರಿಜ್ಜು ಇರಲಿಲ್ಲ, ಯಾವುದು ಎಷ್ಟು ದಿನ ಬಾಳುತ್ತದೆ ಎಂಬ ತಿಳಿವಳಿಕೆ ಇತ್ತು.

ಹೆಚ್ಚಿದ ಮೇಲೆ ತೊಳೆಯಬೇಡಿ, ತೊಳೆದು ಹೆಚ್ಚಿ. ಸಂತೆಯದೆಂದ ಮಾತ್ರಕ್ಕೆ ಔಷಧಿ ಹೊಡೆದಿಲ್ಲ ಎಂದು ನಂಬಿ ಕೂರಬೇಡಿ, ನಾಲ್ಕು ನೀರಿನಲ್ಲಿ ಜಾಲಿಸಿ. ಸೊಪ್ಪಿನ ಪಲ್ಯಕ್ಕೆ ಇಳಿಸಿದ ಮೇಲೆ ನಿಂಬೆಹಣ್ಣು ಹಿಂಡಿ, ಸೊಪ್ಪಿನಲ್ಲಿರುವ ಕಬ್ಬಿಣ ಮೈಗೆ ಹತ್ತಲು ಆ ಹುಳಿ ನೆರವಾಗುತ್ತದೆ. ಸೋರೆಕಾಯಿ ತಂದರೆ ಹೆಚ್ಚುವ ಮೊದಲು ಒಂದು ಚೂರು ನಾಲಿಗೆಗೆ ಮುಟ್ಟಿಸಿ ನೋಡಿ. ಕಹಿಯಿದ್ದರೆ ದುಡ್ಡಿನ ಮುಖ ನೋಡದೆ ಎಸೆದುಬಿಡಿ. ಕಹಿ ಸೋರೆಯ ರಸ ಕುಡಿದು ಆಸ್ಪತ್ರೆ ಸೇರಿದವರು, ಪ್ರಾಣ ಕಳೆದುಕೊಂಡವರೂ ನಮ್ಮ ದೇಶದಲ್ಲಿದ್ದಾರೆ.

ನಮ್ಮ ಹಳೆಯ ಅಡುಗೆಯ ಬುದ್ಧಿವಂತಿಕೆ ನೋಡಬೇಕೆಂದರೆ ಬಸ್ಸಾರು ಮಾಡಿ ನೋಡಿ. ದಂಟಿನ ಸೊಪ್ಪು, ತೊಗರಿಬೇಳೆ ಒಟ್ಟಿಗೆ ಬೇಯಿಸಿ, ಬೇಳೆ ಬೆರಳಿಗೆ ಒತ್ತಿದರೆ ಅದುಮುವಷ್ಟಾದಾಗ ಬಸಿಯಬೇಕು. ಬಸಿದ ಕಟ್ಟಿಗೆ ಹುರಿದ ಈರುಳ್ಳಿ, ಬೆಳ್ಳುಳ್ಳಿ, ಕಾಯಿ, ಮೆಣಸಿನಕಾಯಿ, ಹುಣಸೆಹಣ್ಣು ರುಬ್ಬಿ ಹಾಕಿ ಕುದಿಸಿದರೆ ಸಾರು. ಉಳಿದ ಸೊಪ್ಪು ಬೇಳೆಗೆ ಒಗ್ಗರಣೆ ಕೊಟ್ಟು ಕಾಯಿತುರಿ ಉದುರಿಸಿದರೆ ಪಲ್ಯ. ಬೇಯುವಾಗ ಸೊಪ್ಪಿನ ಸತ್ವದಲ್ಲಿ ಒಂದು ಪಾಲು ನೀರಿಗೆ ಇಳಿಯುತ್ತದೆ. ಬೇರೆಯವರು ಆ ನೀರು ಚೆಲ್ಲುತ್ತಾರೆ, ನಾವು ಅದಕ್ಕೇ ಮುದ್ದೆ ಅದ್ದುತ್ತೇವೆ. ಒಂದು ಪಾತ್ರೆ, ಎರಡು ಅಡುಗೆ, ವ್ಯರ್ಥವಾದದ್ದು ಏನೂ ಇಲ್ಲ. ಕೆಲಸಕ್ಕೆ ಹೋಗುವವರಿಗೂ ಮುಕ್ಕಾಲು ಗಂಟೆಯ ಕೆಲಸ.

ನಿಮ್ಮದು ಬೇರೆ ಸೀಮೆಯಾದರೆ ನಿಮ್ಮ ಅಜ್ಜಿಯನ್ನು ಕೇಳಿ. ಉತ್ತರ ಕರ್ನಾಟಕದ ಊಟದಲ್ಲಿ ಜೋಳದ ರೊಟ್ಟಿಯ ಪಕ್ಕ ಹಸಿ ಮೂಲಂಗಿ, ಹಸಿ ಮೆಂತ್ಯ, ಹತ್ತರಕಿ ಇರುತ್ತದೆ, ಪುಂಡಿಪಲ್ಯವಂತೂ ಸರಿಯೇ ಸರಿ. ಕಲಬುರಗಿ, ಬೀದರಿನವರು ಎಳ್ಳಮಾವಾಸ್ಯೆಗೆ ಹೊಲದಲ್ಲಿ ಸಿಕ್ಕ ಸೊಪ್ಪು, ಕಾಯಿ, ಹಸಿಕಾಳು ಎಲ್ಲ ಕೂಡಿಸಿ ಭಜ್ಜಿ ಮಾಡುತ್ತಾರೆ. ಮಲೆನಾಡಿನವರಿಗೆ ಒಂದೆಲಗ, ದೊಡ್ಡಪತ್ರೆಯ ತಂಬುಳಿ. ಉಡುಪಿಯವರಿಗೆ ಮಟ್ಟು ಗುಳ್ಳ, ವಾದಿರಾಜರು ಕೊಟ್ಟ ಬೀಜ ಎಂದು ಊರವರು ನಂಬಿ ಬೆಳೆಸಿಕೊಂಡು ಬಂದ ಬದನೆ, 2011ರಲ್ಲಿ ಭೌಗೋಳಿಕ ಗುರುತು ಪಡೆದದ್ದು. ಇವು ಯಾವುವೂ ಪಥ್ಯದ ಊಟವಲ್ಲ, ಹಬ್ಬದ ಊಟ. ತರಕಾರಿ ತಿನ್ನುವುದು ನಮ್ಮಲ್ಲಿ ಎಂದೂ ಶಿಕ್ಷೆಯಾಗಿರಲಿಲ್ಲ. ಡಾಕ್ಟರ ಚೀಟಿ ಹಿಡಿದು ಮಾರುಕಟ್ಟೆಗೆ ಹೋಗಲು ಶುರು ಮಾಡಿದ ಮೇಲೆ ಹಾಗಾಯಿತು.

ಇಷ್ಟೆಲ್ಲಕ್ಕೆ ಸಮಯ ಎಲ್ಲಿ ಎನ್ನುತ್ತೀರಿ. ವಾರಕ್ಕೆ ಒಂದು ಗಂಟೆ ಕೇಳುತ್ತಿದ್ದೇನೆ, ಅಷ್ಟೆ. ದುಡ್ಡು ಹೆಚ್ಚಾಗುತ್ತದೆ ಎನ್ನುತ್ತೀರಿ. ಕಾಲದ್ದನ್ನು ಕಾಲದಲ್ಲಿ ತಿಂದರೆ ಆಗುವುದಿಲ್ಲ. ಮಳೆಗಾಲದಲ್ಲಿ ಹಸಿ ಬಟಾಣಿಗೆ ಹಟ ಹಿಡಿದರೆ ಮಾತ್ರ ಜೇಬಿಗೆ ಬಿಸಿ. ಮತ್ತೆ, ಸಂತೆಗೆ ಹೋಗಿ ಅವಸರ ಮಾಡಬೇಡಿ. ಸಂತೆ ಹೊತ್ತಿಗೆ ಮೂರು ಮೊಳ ನೇಯ್ದರು ಎಂದು ಗಾದೆಯೇ ಇದೆ, ಅವಸರದ ಕೆಲಸ ಹಾಗೇ. ಒಂದು ಸುತ್ತು ಸುಮ್ಮನೆ ನೋಡಿಕೊಂಡು ಬನ್ನಿ, ಎರಡನೇ ಸುತ್ತಿಗೆ ಕೊಳ್ಳಿ. ಪ್ರತಿ ವಾರ ಹೆಸರು ಗೊತ್ತಿಲ್ಲದ ಒಂದನ್ನಾದರೂ ತನ್ನಿ. ಹಾಗೆ ಮೂರು ತಿಂಗಳು ತಂದರೆ ನಿಮ್ಮ ಮನೆಯ ಪಟ್ಟಿಗೆ ಹೊಸ ಹನ್ನೆರಡು ಹೆಸರು ಸೇರಿರುತ್ತವೆ.

ನನ್ನ ಮಗಳು ಅಂದು ಅಜ್ಜಿಯ ಬಾಯಿಂದ ಕೇಳಿ ಇಪ್ಪತ್ತು ಹೆಸರು ತುಂಬಿಸಿದಳು, ಮೇಷ್ಟ್ರು ಗುಡ್ ಹಾಕಿದರು. ಆ ಇಪ್ಪತ್ತರಲ್ಲಿ ಹದಿಮೂರನ್ನು ಅವಳು ಆವರೆಗೆ ತಿಂದೇ ಇರಲಿಲ್ಲ. ಈಗ ನಿಮ್ಮ ಮಗುವಿನ ಕೈಗೆ ಒಂದು ಹಾಳೆ ಕೊಟ್ಟು, ಅಡುಗೆಮನೆಯ ಬುಟ್ಟಿಯ ಮುಂದೆ ಕೂರಿಸಿ ಬರೆಯಲು ಹೇಳಿ. ಎಷ್ಟಕ್ಕೆ ಪೆನ್ಸಿಲ್ ನಿಲ್ಲುತ್ತದೋ ನೋಡಿ, ಆ ಹಾಳೆಯನ್ನು ಮಡಿಚಿ ಜೇಬಿಗಿಟ್ಟುಕೊಂಡು, ಎರಡು ಚೀಲ ಹಿಡಿದು, ಮಗುವನ್ನೂ ಕರೆದುಕೊಂಡು ಈ ಭಾನುವಾರವೇ ಸಂತೆಗೆ ಹೋಗಿ ಬನ್ನಿ.